ಮುಗಿಯದ ಕೋಟೆಯಲ್ಲಿ ಅಪ್ಪನ ಜೊತೆ ಒಂದು ದಿನ

ಮಗಳಿಗೆ ಬೇಕಿದ್ದದ್ದು ಡಿಸ್ನಿಲ್ಯಾಂಡಿನ ಗುಲಾಬಿ ಕೋಟೆ. ಪ್ಯಾರಿಸ್ ಪಕ್ಕದಲ್ಲೇ ಇದೆ, ಎರಡು ಸಲ ಹೋಗಿಬಂದಿದ್ದೀವಿ, ಆದ್ರೂ ಮೂರನೇ ಸಲಕ್ಕೆ ಹಟ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನನ್ನು ರೋಲರ್ ಕೋಸ್ಟರ್ ಕ್ಯೂನಲ್ಲಿ ನಿಲ್ಲಿಸೋದನ್ನು ನೆನೆಸಿಕೊಂಡೇ ನನಗೆ ಸುಸ್ತಾಯ್ತು. "ನಿಜವಾದ ಕೋಟೆ ತೋರಿಸ್ತೀನಿ ಬಾ, ಇನ್ನೂ ಕಟ್ತಾ ಇದ್ದಾರೆ" ಅಂತ ಮಗಳಿಗೆ ಪುಸಲಾಯಿಸಿದೆ.

"ಎಲ್ಲಿಗಮ್ಮಾ ಹೋಗೋದು?" ಅಂದ್ರು ಅಪ್ಪ.

"ಗೆದ್ಲೋ."

"ಗೆದ್ದಲಾ?"

ಫ್ರೆಂಚರು ಆ ಹೆಸರನ್ನು ಹೆಚ್ಚು ಕಮ್ಮಿ ಹಾಗೇ ಹೇಳೋದು. ಅಲ್ಲಿಂದ ಮುಂದೆ ಇಡೀ ದಾರಿ ನಮ್ಮ ಕಾರಲ್ಲಿ ಅದು 'ಗೆದ್ದಲು ಕೋಟೆ'ಯೇ ಆಯ್ತು. ಆಮೇಲೆ ನೋಡಿದರೆ ಹೆಸರು ತಪ್ಪೇನೂ ಅಲ್ಲ. ಒಂದೊಂದೇ ಕಣ ಹೊತ್ತು ಹುತ್ತ ಕಟ್ಟುವ ಹಾಗೆ, 1997ರಿಂದ ಒಂದೊಂದೇ ಕಲ್ಲು ಇಟ್ಟು ಇದನ್ನು ಕಟ್ಟುತ್ತಾ ಇದ್ದಾರೆ.

ಜಾಗ ಇರೋದು ಬರ್ಗಂಡಿ ಪ್ರಾಂತ್ಯದಲ್ಲಿ, ತ್ರೆನ್ಯಿ ಅನ್ನೋ ಹಳ್ಳಿಯ ಹತ್ತಿರದ ಓಕ್ ಕಾಡಿನ ನಡುವೆ. ಪ್ಯಾರಿಸ್‌ನಿಂದ ದಕ್ಷಿಣಕ್ಕೆ ಕಾರಲ್ಲಿ ಎರಡು ಗಂಟೆಗೂ ಜಾಸ್ತಿ. ಹತ್ತಿರದಲ್ಲೇ ಸಾಂ ಫಾರ್ಜೊ ಅಂತ ಇನ್ನೊಂದು ಹಳೆಯ ಕೋಟೆ ಇದೆ. ಅದರ ಮಾಲೀಕ ಮಿಶೆಲ್ ಗಿಯೋ ತನ್ನ ಕೋಟೆಯನ್ನು ಅಧ್ಯಯನ ಮಾಡಿಸಿದಾಗ, ಹೊರಗಿನ ಇಟ್ಟಿಗೆ ಗೋಡೆಗಳ ಒಳಗೆ ಅದಕ್ಕಿಂತ ಹಳೆಯ ಕಲ್ಲಿನ ಕೋಟೆಯೊಂದು ಅಡಗಿರೋದು ಗೊತ್ತಾಯ್ತಂತೆ. ಅಂಥದ್ದನ್ನು ಮೊದಲಿನಿಂದ ಕಟ್ಟಿ ನೋಡಿದರೆ ಹೇಗೆ ಅನ್ನೋ ಯೋಚನೆ ಅಲ್ಲಿ ಹುಟ್ಟಿದ್ದು. ಮರಿಲಿನ್ ಮಾರ್ತಾಂ ಅನ್ನೋ ಮಹಿಳೆ ಜೊತೆಯಾದರು. ಪಾಳುಬಿದ್ದ ಒಂದು ಕಲ್ಲುಗಣಿ ಹುಡುಕಿದರು. ಕಲ್ಲು, ಮರ, ಮರಳು, ಜೇಡಿಮಣ್ಣು, ನೀರು ಎಲ್ಲಾ ಅಲ್ಲೇ. ಸಿಮೆಂಟ್ ಇಲ್ಲ, ಕ್ರೇನ್ ಇಲ್ಲ, ಕರೆಂಟಿನ ಗರಗಸ ಇಲ್ಲ. 13ನೇ ಶತಮಾನದಲ್ಲಿ ಹೇಗೆ ಕಟ್ಟುತ್ತಿದ್ದರೋ ಹಾಗೆ.

ಅದಕ್ಕೊಂದು ಕಥೆಯನ್ನೂ ಹೊಸೆದಿದ್ದಾರೆ. 1229ರ ಸುಮಾರಿನಲ್ಲಿ, ಒಂಬತ್ತನೇ ಲೂಯಿ ಇನ್ನೂ ಹುಡುಗನಾಗಿ ಸಿಂಹಾಸನದಲ್ಲಿದ್ದಾಗ, ಗಿಲ್ಬೇರ್ ಅನ್ನೋ ಒಬ್ಬ ಸಣ್ಣ ಪಾಳೇಗಾರ ಮನೆ ಕಟ್ಟಿಸೋಕೆ ಶುರುಮಾಡಿದ ಅಂತ. ಗಿಲ್ಬೇರ್ ಕಾಲ್ಪನಿಕ. ಆದರೆ ಅವನ 'ಬಜೆಟ್' ಮಾತ್ರ ಬಹಳ ಗಂಭೀರ. ದೊಡ್ಡ ಸಾಹುಕಾರ ಅಲ್ಲವಲ್ಲ, ಹಾಗಾಗಿ ಕಂದಕ ಇದೆ, ನೀರಿಲ್ಲ. ಎತ್ತಿ ಇಳಿಸುವ ಸೇತುವೆಯೂ ಇಲ್ಲ, ಮಾಮೂಲಿ ಮರದ ಸೇತುವೆ. ಹೋಮ್ ಲೋನ್ ತೆಗೆದುಕೊಂಡವರಿಗೆಲ್ಲ ಗಿಲ್ಬೇರ್ ತಕ್ಷಣ ಅರ್ಥ ಆಗ್ತಾನೆ.

ಟಿಕೆಟ್ ತಗೊಂಡು ಒಳಗೆ ಹೋದರೆ ಮೊದಲು ಕಿವಿಗೆ ಬೀಳೋದು ಸದ್ದು. ಟಣ್, ಟಣ್, ಟಣ್. ಅಪ್ಪ ನಿಂತುಬಿಟ್ಟರು. "ಉಳಿ ಹರಿತ ಇಲ್ಲ" ಅಂದ್ರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮಪ್ಪ ಕಲ್ಲು ಕುಟ್ಟುತ್ತಿದ್ದವರು. ಚಿಕ್ಕಬಳ್ಳಾಪುರದ ಕಡೆ, ಬಂಡೆ ಮೇಲೆ. ಬೆಂಗಳೂರಿನ ಅದೆಷ್ಟು ಮನೆಗಳ ಪಾಯಕ್ಕೆ ಅವರು ಒಡೆದ ಸೈಜುಗಲ್ಲು ಹೋಗಿದೆಯೋ ಲೆಕ್ಕ ಇಲ್ಲ. ಆದರೆ ಅವರ ವೀಸಾ ಫಾರಂ ತುಂಬಿದವಳು ನಾನು. ಉದ್ಯೋಗ ಅನ್ನೋ ಕಡೆ 'ನಿವೃತ್ತ ಬಿಲ್ಡಿಂಗ್ ಕಂಟ್ರಾಕ್ಟರ್' ಅಂತ ಬರೆದಿದ್ದೆ. ಮದುವೆ ಮಾತುಕತೆಯಲ್ಲೂ ಅದನ್ನೇ ಹೇಳಿದ್ವಿ. ಆಫೀಸಲ್ಲೂ ಅದನ್ನೇ. ಹತ್ತು ವರ್ಷ ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸೋಕೆ ಶುರುವಾಗಿತ್ತು.

ಕೋಟೆಯ ಬುಡದಲ್ಲೇ ಕಲ್ಲುಗಣಿ. ಹಗ್ಗ ಕಟ್ಟಿದ ಈಚೆ ನಾವು, ಆಚೆ ಒರಟು ಬಟ್ಟೆಯ ನಿಲುವಂಗಿ ತೊಟ್ಟ ಗಣಿಯಾಳು. ಇಲ್ಲಿನ ಕೆಲಸಗಾರರು ನಾಟಕದವರಲ್ಲ, ಸಂಬಳದ ನೌಕರರು. ನಾವು ಏನಾದರೂ ಕೇಳಿದರೆ ಕೆಲಸ ನಿಲ್ಲಿಸಿ ಉತ್ತರ ಕೊಡೋದೂ ಅವರ ಕೆಲಸದ ಭಾಗವೇ. ಅವನು ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ ಏನೋ ವಿವರಿಸುತ್ತಿದ್ದ. ನಾನು ಅನುವಾದ ಮಾಡೋಕೆ ಬಾಯಿ ತೆಗೆದೆ, ಅಪ್ಪ ಕೈ ಅಡ್ಡ ಹಿಡಿದರು. "ಗಂಟೆ ಹೊಡೆದಂಗೆ ಕೇಳಿದ್ರೆ ಒಳ್ಳೆ ಕಲ್ಲು, ಒಡೆದ ಮಡಕೆ ಥರ ಕೇಳಿದ್ರೆ ಒಳಗೆ ಬಿರುಕಿದೆ ಅಂತಾವ್ನೆ." ಅವನು ಹೇಳಿದ್ದೂ ಹೆಚ್ಚು ಕಮ್ಮಿ ಅದೇ.

ಕಲ್ಲಲ್ಲಿ ಸಾಲಾಗಿ ಗುಳಿ ತೆಗೆದು, ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೆ ಒಂದಕ್ಕೆ ಏಟು ಹಾಕೋದು. ಊರಲ್ಲೂ ಇದೇ ವಿದ್ಯೆ. ಅಪ್ಪನಿಗೆ ತಡೆಯೋಕಾಗಲಿಲ್ಲ. ಛತ್ರಿಯ ತುದಿಯಿಂದ ತೋರಿಸಿ, "ಆ ಮೂರನೇ ಬೆಣೆ ಒಂದು ಗೇಣು ಈ ಕಡೆ ಇಡೋಕೆ ಹೇಳು, ಇಲ್ಲದಿದ್ರೆ ಅಡ್ಡ ಸೀಳುತ್ತೆ" ಅಂದ್ರು. ನನಗೆ ಮುಜುಗರ. ಆದ್ರೂ ಹೇಳಿದೆ. ಅವನು ನಗಲಿಲ್ಲ. ಹತ್ತಿರ ಬಂದು, ಕಲ್ಲಿನ ಮೇಲೆ ಕೈಯಾಡಿಸಿ, ಇಲ್ಲ ಅಂತ ತಲೆ ಆಡಿಸಿದ. ಇದು ಮರಳುಗಲ್ಲು, ಕಬ್ಬಿಣದ ಅಂಶ ಇರೋದರಿಂದ ಕಂದು ಬಣ್ಣ, ಇದರಲ್ಲಿ ಪದರ ಇದೆ, ಪದರ ಹೇಳಿದ ಹಾಗೆ ನಾವು ಕೇಳಬೇಕು ಅಂದ. ಆಮೇಲೆ ಏಟು ಹಾಕಿದ. ಕಲ್ಲು ಅವನು ಹೇಳಿದ ಜಾಗದಲ್ಲೇ, ನೀಟಾಗಿ, ಬ್ರೆಡ್ ಕತ್ತರಿಸಿದ ಹಾಗೆ ಬಿಟ್ಟುಕೊಂಡಿತು.

ಅಪ್ಪ ಸೋತಿದ್ದರು. ಅಷ್ಟು ಖುಷಿಯಾಗಿ ಸೋತದ್ದನ್ನು ನಾನು ನೋಡೇ ಇರಲಿಲ್ಲ.

"ನಮ್ಮದು ಗ್ರಾನೈಟು. ಅದಕ್ಕೆ ಪದರ ಎಲ್ಲಿ ಬಂತು? ಚಪ್ಪಡಿ ಬೇಕಾದ್ರೆ ಬಂಡೆ ಮೇಲೆ ಸೌದೆ ಉರಿಸಿ, ಬಿಸಿಗೆ ಅದು ಎದ್ದು ಬರೋ ಹಂಗೆ ಮಾಡಬೇಕು. ಹೇಳು ಅವನಿಗೆ." ಹೇಳಿದೆ. ಗಣಿಯಾಳು ಸುತ್ತಿಗೆ ಕೆಳಗಿಟ್ಟ. ಎಷ್ಟು ಹೊತ್ತು ಉರಿಸ್ತೀರಿ? ಬೆಂಕಿಯನ್ನು ಹೇಗೆ ಮುಂದಕ್ಕೆ ತಳ್ತೀರಿ? ಎದ್ದಿದ್ದು ಹೇಗೆ ಗೊತ್ತಾಗುತ್ತೆ? ಪ್ರಶ್ನೆ ಮೇಲೆ ಪ್ರಶ್ನೆ. ಅಪ್ಪ ಬರೀ ಸದ್ದು ಮಾಡಿ ತೋರಿಸಿದರು, ಮೊದಲು ಕುಟ್ಟಿದಾಗ ಹೇಗೆ, ಒಳಗೆ ಟೊಳ್ಳಾದ ಮೇಲೆ ಹೇಗೆ ಅಂತ. ನಾನು ಅಪ್ಪನ ಮಗಳಾಗಿ ಮೂವತ್ತನಾಲ್ಕು ವರ್ಷ. ಇದರಲ್ಲಿ ಒಂದನ್ನೂ ಕೇಳಿದವಳಲ್ಲ.

ಅಷ್ಟರಲ್ಲಿ ಅಪ್ಪನೇ ಒಂದು ಪ್ರಶ್ನೆ ಕೇಳಿದರು. "ಆ ಕಾಲದಲ್ಲೂ ಅಂಥ ಕನ್ನಡಕ ಇತ್ತಾ?"

ಗಣಿಯಾಳಿನ ಕಣ್ಣ ಮೇಲೆ ಪ್ಲಾಸ್ಟಿಕ್‌ನ ಸೇಫ್ಟಿ ಗ್ಲಾಸ್ ಇತ್ತು. ಕಾಲಲ್ಲಿ ಉಕ್ಕಿನ ಮೂತಿಯ ಬೂಟು. ಅವನು ನಕ್ಕ. ಇಲ್ಲ, ಇದು ಈ ಕಾಲದ್ದೇ, ಎಲ್ಲವನ್ನೂ 13ನೇ ಶತಮಾನದಂತೆ ಮಾಡಬಹುದು, ಕಣ್ಣು ಕಳೆದುಕೊಳ್ಳೋದನ್ನು ಬಿಟ್ಟು. ಕೆಲಸಗಾರರ ಸುರಕ್ಷತೆಯ ಕಾನೂನು ನಮಗೂ ಒಂದೇ ಅಂದ. ಎತ್ತರದಲ್ಲಿ ಕೆಲಸ ಮಾಡೋರಿಗೆ ಹೆಲ್ಮೆಟ್ಟೂ ಇದೆ ಅಂತ ತೋರಿಸಿದ.

ನಾನು ಆರನೇ ಕ್ಲಾಸಲ್ಲಿದ್ದಾಗ ಅಪ್ಪನ ಎಡಗಣ್ಣಿಗೆ ಕಲ್ಲಿನ ಚಕ್ಕೆ ಹೊಡೆಯಿತು. ಈಗ ಆ ಕಣ್ಣಿಗೆ ಬೆಳಕು, ಕತ್ತಲು ಅಷ್ಟೇ ಗೊತ್ತಾಗೋದು. ಮೂರನೇ ವಾರಕ್ಕೆ ಅವರು ಮತ್ತೆ ಬಂಡೆ ಹತ್ತಿದರು, ನನ್ನ ಫೀಸು ಕಟ್ಟಬೇಕಿತ್ತು. ಫೋಟೋ ತೆಗೆಯುವಾಗ ಅವರು ಈಗಲೂ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸ್ತಾರೆ. ಅದನ್ನು ಗಣಿಯಾಳಿಗೆ ಹೇಳಲಾ ಅಂತ ಅಪ್ಪನ ಕಡೆ ನೋಡಿದೆ. ಬೇಡ ಅಂದರು.

ಮೇಲೆ ಕೋಟೆಯ ಅಂಗಳದಲ್ಲಿ ಮಗಳು, ನನ್ನ ಗಂಡ ಆಗಲೇ 'ಅಳಿಲಿನ ಪಂಜರ'ದ ಮುಂದೆ ಬಾಯಿಬಿಟ್ಟುಕೊಂಡು ನಿಂತಿದ್ದರು. ಫ್ರೆಂಚಲ್ಲಿ ಅದರ ಹೆಸರೇ ಹಾಗೆ. ಮನುಷ್ಯ ಒಳಗೆ ನಿಂತು ನಡೆಯುವ ಮರದ ದೊಡ್ಡ ಚಕ್ರ. ಅವನು ನಡೆದಂತೆ ಹಗ್ಗ ಸುತ್ತಿಕೊಂಡು, ಅರ್ಧ ಟನ್ನಿನಷ್ಟು ಕಲ್ಲು ಮೆಲ್ಲಗೆ ಗೋಪುರದ ನೆತ್ತಿಗೆ ಏರುತ್ತೆ. ನನ್ನ ಗಂಡ ಮೆಕ್ಯಾನಿಕಲ್ ಇಂಜಿನಿಯರ್, ಅವನು ಅಲ್ಲಿಂದ ಅಲ್ಲಾಡಲೇ ಇಲ್ಲ. ಮಗಳಿಗೆ ಮಾತ್ರ ಅದು ಹ್ಯಾಮ್‌ಸ್ಟರ್ ಚಕ್ರ, ಅಷ್ಟೇ.

ಗಾರೆ ಕಲೆಸುವ ಕಡೆ ಇನ್ನೊಂದು ತಮಾಷೆ. ಸುಣ್ಣ, ಇಲ್ಲಿನದೇ ಮರಳು, ನೀರು. ಅಪ್ಪ ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ಉಜ್ಜಿ, "ಬೆಲ್ಲ ಹಾಕಲ್ವಾ?" ಅಂದರು. ನಮ್ಮ ಕಡೆ ಹಳೇ ಕಟ್ಟಡದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಅದನ್ನು ಫ್ರೆಂಚಲ್ಲಿ ಹೇಳೋಕೆ ಹೋಗಿ, ಗೋಡೆಗೆ ಸಿಹಿ ತಿಂಡಿ ತಿನ್ನಿಸ್ತೀವಿ ಅನ್ನೋ ಅರ್ಥ ಬಂದಿರಬೇಕು, ಆ ಹುಡುಗಿ ಬಹಳ ಹೊತ್ತು ನಕ್ಕಳು. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತೆ, ಹಿಮಕ್ಕೆ ಹೆದರುತ್ತೆ. ಅದಕ್ಕೇ ಚಳಿಗಾಲದಲ್ಲಿ ಗೋಡೆ ಕೆಲಸ ನಿಲ್ಲುತ್ತೆ.

ಅಳತೆಗೆ ಟೇಪ್ ಇಲ್ಲ. ಹದಿಮೂರು ಗಂಟಿನ ಒಂದು ಹಗ್ಗ, ನಡುವೆ ಹನ್ನೆರಡು ಸಮ ಅಂತರ. ಮೂರು, ನಾಲ್ಕು, ಐದು ಅಂತರಗಳ ತ್ರಿಕೋನ ಮಾಡಿ ಎಳೆದರೆ ಮೂಲೆಮಟ್ಟ ಸಿಕ್ಕಿಬಿಡುತ್ತೆ. ನಾವು ಸ್ಕೂಲಲ್ಲಿ ಪೈಥಾಗೊರಸ್ ಅಂತ ಉರು ಹೊಡೆದದ್ದು ಇದೇ. ನಮ್ಮೂರ ಮೇಸ್ತ್ರಿಗಳು ಪೈಥಾಗೊರಸ್ ಹೆಸರು ಕೇಳದೆ ಇವತ್ತಿಗೂ ಪಾಯ ಹಾಕುವಾಗ ಮಾಡೋದೂ ಇದೇ. ಅಳತೆಕೋಲಿನ ಮೇಲೆ ಕೈಯ ಗುರುತುಗಳು. ಒಂದು ಸುಮಾರು 20 ಸೆಂಟಿಮೀಟರ್, ಇನ್ನೊಂದು 52. ಅಮ್ಮ ಕೈ ಚಾಚಿ ನೋಡಿ, "ಇದು ಗೇಣು, ಇದು ಮೊಳ" ಅಂದ್ರು. ಹೂವಿನ ಅಂಗಡಿಯವಳ ಮೊಳಕ್ಕಿಂತ ಇವರದ್ದು ಉದ್ದ ಇದೆ ಅಂತ ಷರಾ ಬೇರೆ.

ಹಳ್ಳಿ ಇರೋದು ಕೋಟೆಯ ಸುತ್ತಿನ ಕಾಡಲ್ಲಿ. ಕಮ್ಮಾರ, ಬಡಗಿ, ಬುಟ್ಟಿ ಹೆಣೆಯೋರು, ಹಗ್ಗ ಹೊಸೆಯೋರು, ಹೆಂಚು ಸುಡೋರು, ಮಣ್ಣಿಂದ ಬಣ್ಣ ತೆಗೆಯೋರು, ಎಲ್ಲರೂ ಕೋಟೆಗಾಗಿಯೇ ದುಡಿಯೋರು. ಕಮ್ಮಾರನಿಗೆ ಉಸಿರಾಡೋಕೂ ಬಿಡುವಿಲ್ಲ, ಯಾಕಂದ್ರೆ ಈ ಕಲ್ಲಿಗೆ ಉಳಿಗಳು ಬೇಗ ಮೊಂಡಾಗ್ತಾವೆ (ಅಪ್ಪ ಬಾಗಿಲಲ್ಲೇ ಹೇಳಿದ್ದು ಸರಿ). ಕುದುರೆ ಗಾಡಿಯಲ್ಲಿ ಕಲ್ಲು ಹೋಗ್ತಾ ಇರುತ್ತೆ, ದಾರಿ ಬಿಡಬೇಕು. ಸ್ವಲ್ಪ ದೂರ ಕಾಡಲ್ಲಿ ನಡೆದರೆ ನೀರಿನ ಗಿರಣಿ, ನಿಜವಾಗಿಯೂ ಹಿಟ್ಟು ಬೀಸುತ್ತೆ. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತಲ್ಲ, ಓಕ್ ಮರದ ತೊಲೆಗಳನ್ನು ಮತ್ತೆ ಕೊಡಲಿಯಲ್ಲೇ ಕೆತ್ತಬೇಕು ಅಂತಾದಾಗ, ಆ ಕೈಕೆಲಸ ಬಲ್ಲ ಬಡಗಿಗಳಲ್ಲಿ ಹಲವರು ಇಲ್ಲಿ ಪಳಗಿದವರೇ. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು.

ಅಮ್ಮನಿಗೆ ಹಿಡಿಸಿದ್ದು ತರಕಾರಿ ತೋಟ. ಅಥವಾ ಹಿಡಿಸದೆ ಇದ್ದದ್ದು ಅನ್ನಬೇಕೇನೋ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಣಸಿನಕಾಯಿ ಇಲ್ಲ. ಎಲ್ಲ ಆಮೇಲೆ ಅಮೆರಿಕದಿಂದ ಬಂದದ್ದು. "ಪಾಪ, ಏನು ತಿಂತಿದ್ರೋ" ಅಂದ್ರು. ಆ ಕಾಲಕ್ಕೆ ನಮ್ಮಲ್ಲೂ ಇರಲಿಲ್ಲಮ್ಮ, ಹೊಯ್ಸಳರ ಅಡುಗೆಮನೆಗೂ ಒಣಮೆಣಸಿನಕಾಯಿ ಬಂದಿರಲಿಲ್ಲ ಅಂದೆ. ಅಮ್ಮ ನಂಬಲಿಲ್ಲ. ಕಾರಲ್ಲಿದ್ದ ಚಿತ್ರಾನ್ನದ ಡಬ್ಬಿ ನೆನಪಾಗಿ ಎಲ್ಲರಿಗೂ ಹಸಿವಾಯ್ತು.

ಹೋಗುವವರಿಗೆ ಒಂದೆರಡು ಮಾತು. ನೇರ ರೈಲಿಲ್ಲ, ಕಾರು ಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತೆ, ಉಳಿದ ತಿಂಗಳಲ್ಲೂ ಕೆಲವು ದಿನ ರಜೆ ಇರುತ್ತೆ, ವೆಬ್‌ಸೈಟ್ ನೋಡಿಯೇ ಹೊರಡಿ. ವರ್ಷಕ್ಕೆ ಸುಮಾರು ಮೂರು ಲಕ್ಷ ಜನ ಬರ್ತಾರೆ, ಕೋಟೆ ನಡೆಯೋದೇ ಆ ಟಿಕೆಟ್ ದುಡ್ಡಿಂದ. ಆನ್‌ಲೈನ್ ಟಿಕೆಟ್ ತಗೊಂಡರೆ ಕ್ಯೂ ಉಳಿಯುತ್ತೆ. ಬಿಳಿ ಶೂ ಬೇಡ, ಮಳೆ ಬಂದರೆ ಪೂರ್ತಿ ಕೆಸರು. ಸಣ್ಣ ಮಗು ಇದ್ದರೆ ಸ್ಟ್ರಾಲರ್ ಬದಲು ಎದೆಗೆ ಕಟ್ಟಿಕೊಳ್ಳೋ ಚೀಲ ಒಳ್ಳೇದು. ಮೊಣಕಾಲು ನೋವಿರೋ ಅಜ್ಜಿಯರು ಗೋಪುರ ಹತ್ತದೆ ಇದ್ದರೂ ಕೆಳಗೆ ನೋಡೋಕೆ ಇಡೀ ದಿನ ಇದೆ.

ಮಧ್ಯಾಹ್ನ ಮಕ್ಕಳಿಗೆ ಕಲ್ಲು ಕೆತ್ತುವ ಚಟುವಟಿಕೆ, ಅದಕ್ಕೆ ಬೇರೆ ದುಡ್ಡು. ಮೆತ್ತನೆಯ ಬಿಳಿ ಸುಣ್ಣಕಲ್ಲಿನ ಚೂರು, ಪುಟ್ಟ ಉಳಿ, ಸುತ್ತಿಗೆ, ಮತ್ತೆ ಅದೇ ಕನ್ನಡಕ. ಮಗಳು ಹೂವಿನ ಚಿತ್ರ ಆರಿಸಿಕೊಂಡಳು. ಉಳಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿದಿದ್ದಳು. ಅಪ್ಪ ಹಿಂದೆ ಹೋಗಿ ಕೂತು ಅವಳ ಬೆರಳು ಸರಿ ಮಾಡಿದರು. "ಗಟ್ಟಿ ಹಿಡೀಬೇಡ, ಬೀಳದಷ್ಟು ಹಿಡಿ. ಉಳಿ ನೋಡಬೇಡ, ಗೆರೆ ನೋಡು."

"ತಾತ, ನಿಂಗೆ ಹೆಂಗೆ ಗೊತ್ತು?"

ಅಪ್ಪ ನನ್ನ ಕಡೆ ನೋಡಿದರು. ಮೊಮ್ಮಗಳಿಗೆ ಏನು ಹೇಳಿ ಬೆಳೆಸಿದ್ದೀವಿ ಅಂತ ಅವರಿಗೂ ಗೊತ್ತಿತ್ತು. ನಾನು ಬಿಲ್ಡಿಂಗ್ ಕಂಟ್ರಾಕ್ಟರ್ ಅಂತ ಬರೆದಿದ್ದನ್ನು ಫಾರಂಗೆ ಸಹಿ ಹಾಕುವಾಗಲೇ ಅವರು ಕೇಳಿ ತಿಳಿದುಕೊಂಡಿದ್ದರು, ಏನೂ ಅಂದಿರಲಿಲ್ಲ.

"ತಾತ ಕಲ್ಲು ಕುಟ್ತಿದ್ರು," ಅಂದೆ ನಾನು. "ಇವರ ಥರಾನೇ. ನಲವತ್ತು ವರ್ಷ."

ಮಗಳಿಗೆ ಅದು ಆಘಾತವೂ ಅಲ್ಲ, ಏನೂ ಅಲ್ಲ. "ಕೋಟೆ ಕಟ್ಟಿದ್ರಾ?" ಅಂದಳು. ಕೋಟೆ ಅಲ್ಲ, ಮನೆ ಪಾಯ ಅಂದ್ರು ಅಪ್ಪ. "ಓ" ಅಂದು ಮತ್ತೆ ಕೆತ್ತೋಕೆ ಕೂತಳು. ಹತ್ತು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ಪಕ್ಕದಲ್ಲಿದ್ದ ಕಲ್ಲುಕೆತ್ತುವವಳು ಮಧ್ಯಯುಗದ ಒಂದು ಪದ್ಧತಿ ಹೇಳಿದಳು. ತುಂಡಿಗಿಷ್ಟು ಅಂತ ಕೂಲಿ ಪಡೆಯುತ್ತಿದ್ದವರು ತಾವು ಕೆತ್ತಿದ ಕಲ್ಲಿನ ಮೇಲೆ ತಮ್ಮ ಗುರುತು ಹಾಕುತ್ತಿದ್ದರಂತೆ, ಲೆಕ್ಕ ತಪ್ಪಬಾರದು ಅಂತ. ನಾನು ಸೋಮನಾಥಪುರದ ವಿಷಯ ಹೇಳಿದೆ: ಇವರ ಗಿಲ್ಬೇರನ ಕಾಲದ ಆಸುಪಾಸಿನಲ್ಲೇ, 1258ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ, ಅಲ್ಲಿ ಶಿಲ್ಪಿಗಳು ಗುರುತಲ್ಲ, ಹೆಸರನ್ನೇ ಕೆತ್ತಿದ್ದಾರೆ, ಮಲ್ಲಿತಮ್ಮ ಅಂತ ಇವತ್ತಿಗೂ ಓದಬಹುದು. ಅವಳು ಹೆಸರು ಬರೆದುಕೊಂಡಳು. ಅಪ್ಪನಿಗೆ ಕನ್ನಡದಲ್ಲಿ ಹೇಳಿದಾಗ ಅವರು ಮಗಳ ಉಳಿ ತಗೊಂಡು, ಅವಳ ಹೂವಿನ ಕಲ್ಲನ್ನು ಬೋರಲು ಹಾಕಿ, ಹಿಂಬದಿಯಲ್ಲಿ ಮೂರು ಏಟು ಹಾಕಿದರು. ಎರಡು ಅಡ್ಡ ಗೆರೆ, ಒಂದು ಚುಕ್ಕೆ.

"ಇದೇನಪ್ಪಾ?"

"ನಂದು. ನೂರು ಕಲ್ಲಿಗೊಂದು ಹಾಕ್ತಿದ್ದೆ. ಇಲ್ಲದಿದ್ರೆ ಲಾರಿ ತುಂಬುವಾಗ ಎಲ್ಲ ಒಂದಾಗ್ಬಿಡೋದು, ದುಡ್ಡು ಬೇರೆಯವರಿಗೆ ಹೋಗೋದು."

ಸಂಜೆ ಹೊರಡುವಾಗ ಅಪ್ಪ ಮತ್ತೆ ಗಣಿ ಹತ್ತಿರ ಹೋದರು. ಇದು ಯಾವಾಗ ಮುಗಿಯುತ್ತೆ ಅಂತ ಕೇಳಿಸಿದರು. 25 ವರ್ಷ ಸಾಕು ಅಂತ ಶುರುಮಾಡಿದ್ದಂತೆ, ಅದು ದಾಟಿ ಹೋಯ್ತು, ಇನ್ನೂ ನಡೀತಾ ಇದೆ, ಅವಸರ ಏನಿಲ್ಲ ಅಂದ ಗಣಿಯಾಳು. ಅವಸರ ಇಲ್ಲದ ಮಾಲೀಕ ಅನ್ನೋದನ್ನು ಅಪ್ಪನಿಗೆ ಅನುವಾದ ಮಾಡೋದು ಕಷ್ಟವಾಯಿತು. ಎರಡು ಸಲ ಹೇಳಬೇಕಾಯ್ತು.

ವಾಪಸ್ ಬರುವಾಗ ಮಗಳು, ಅಮ್ಮ ಇಬ್ಬರೂ ನಿದ್ದೆ. ಅಪ್ಪ ಮುಂದಿನ ಸೀಟಲ್ಲಿ.

"ಆ ಕನ್ನಡಕ ಎಷ್ಟಾಗುತ್ತೆ?"

ಐದಾರು ಯೂರೋ ಇರಬಹುದು ಅಂದ ನನ್ನ ಗಂಡ.

"ಊರಲ್ಲಿ ಈಗಲೂ ಎಂಟು ಜನ ಕೈಯಲ್ಲೇ ಕುಟ್ತಾರೆ."

ಅಪ್ಪ, ಬೆಂಗಳೂರಲ್ಲೇ ಸಿಗುತ್ತೆ, ಇದಕ್ಕಿಂತ ಕಮ್ಮಿಗೆ, ಫೋನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತೆ ಅಂದೆ. ಫೋನ್ ತೆಗೆದು ತೋರಿಸಿದೆ ಕೂಡ. ಅವರು ಒಳ್ಳೆ ಕಣ್ಣಿಗೆ ಹತ್ತಿರ ಹಿಡಿದು ಸ್ಕ್ರೀನ್ ನೋಡಿದರು.

"ಸಿಗುತ್ತೆ ಅಂತ ಯಾರು ಹೇಳಿದ್ರಮ್ಮ ನಮಗೆ?"

ಮುಂದಿನ ಊರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇನ್ನೂ ತೆರೆದಿತ್ತು. ಕಾರು ನಿಲ್ಲಿಸಿದ್ವಿ. ಎಂಟು ತಗೊಳ್ಳೋಕೆ ಹೋದವರು ಒಂಬತ್ತು ತಗೊಂಡರು.